ನಮ್ಮ ಬೆಳೆಗೊಂದು ಗುರುತು

ಬೆಳೆಯುವುದು ಒಂದು ವಿದ್ಯೆ, ಮಾರುವುದು ಇನ್ನೊಂದು ವಿದ್ಯೆ. ಮೊದಲನೆಯದು ನಮ್ಮ ಒಕ್ಕಲು ಮಕ್ಕಳಿಗೆ ತಲೆತಲಾಂತರದಿಂದ ಬಂದಿದೆ. ಎರಡನೆಯದನ್ನು ನಾವು ಅಡತಿಯವರಿಗೂ ದಲಾಲರಿಗೂ ಬಿಟ್ಟುಕೊಟ್ಟಿದ್ದೇವೆ. ಜತ್ತದ ಒಣದ್ರಾಕ್ಷಿಯಾಗಲಿ, ಅಕ್ಕಲಕೋಟೆಯ ತೊಗರಿಯಾಗಲಿ, ಆದವಾನಿಯ ಶೇಂಗಾ ಆಗಲಿ, ಹೊಸೂರಿನ ರಾಗಿಯಾಗಲಿ ಬರಿಯ ಚೀಲದಲ್ಲಿ ಊರು ಬಿಡುತ್ತದೆ. ಪೇಟೆಯಲ್ಲಿ ಅದು ಬೇರೆಯವರ ಚೀಲಕ್ಕೆ ಬೀಳುತ್ತದೆ, ಬೇರೆಯವರ ಹೆಸರನ್ನು ಹೊತ್ತುಕೊಳ್ಳುತ್ತದೆ. ತಿಂದವನಿಗೆ ರುಚಿಯಾಯಿತೆನ್ನಿ. ಅದೇ ಬೇಳೆ ಮತ್ತೆ ಬೇಕೆಂದರೆ ಅವನು ಏನೆಂದು ಕೇಳಬೇಕು? ನಮ್ಮ ಹೆಸರು ಅವನಿಗೆ ಗೊತ್ತಿಲ್ಲ, ನಮ್ಮ ಊರೂ ಗೊತ್ತಿಲ್ಲ. ಹೀಗೆ ಒಳ್ಳೆಯ ಸರಕು ಕೊಟ್ಟ ಪುಣ್ಯ ಯಾರದೋ, ಅದರ ಫಲ ಇನ್ನಾರದೋ ಆಗುವುದು.

ಕೊಂಡವನು ಎರಡನೆಯ ಸಲ ನಮ್ಮನ್ನೇ ಹುಡುಕಿಕೊಂಡು ಬರಬೇಕಾದರೆ ಸರಕಿನ ಮೇಲೆ ಒಂದು ಗುರುತು ಇರಬೇಕು. ಆ ಗುರುತಿಗೆ ದೊಡ್ಡ ಚಿತ್ರಗಾರನೂ ಬೇಡ, ಇಂಗ್ಲಿಷ್ ಹೆಸರೂ ಬೇಡ. ನಮ್ಮ ಅಡುಗೆಮನೆಯಲ್ಲಿ, ಕಣದಲ್ಲಿ, ದನದ ಕೊಟ್ಟಿಗೆಯಲ್ಲಿ ಬಿದ್ದಿರುವ ವಸ್ತುವೊಂದು ಸಾಕು. ಅಂತಹ ವಸ್ತುವನ್ನು ಹೇಗೆ ಆರಿಸಬೇಕು, ಅದಕ್ಕೆ ಹೇಗೆ ಅರ್ಥ ತುಂಬಬೇಕು, ಆಮೇಲೆ ಅದನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದೇ ಈ ವಾರದ ಪಾಠ.

ಗುರುತು ನಮಗೆ ಹೊಸದಲ್ಲ

ನಮ್ಮ ಊರುಗಳ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಹಳಗನ್ನಡದ ಶಾಸನಗಳು ನಿಂತಿರುವುದನ್ನು ಓದುಗರು ಬಲ್ಲರು. ಎಷ್ಟೋ ಕಲ್ಲುಗಳ ತಲೆಯ ಮೇಲೆ ಸೂರ್ಯ, ಚಂದ್ರ, ಆಕಳು, ಕರು, ಖಡ್ಗಗಳನ್ನು ಕೆತ್ತಿರುತ್ತಾರೆ. ಸೂರ್ಯಚಂದ್ರರಿರುವ ತನಕ ಈ ದತ್ತಿ ನಡೆಯಬೇಕೆಂಬುದು ಅದರ ಭಾವ. ಅಕ್ಷರ ಓದಲು ಬಾರದ ಒಕ್ಕಲಿಗನಿಗೂ ಆ ಚಿತ್ರ ಮಾತು ತಿಳಿಸುತ್ತಿತ್ತು. ಕಣದಲ್ಲಿ ರಾಶಿಯಾದ ಮೇಲೆ, ಪಾಲು ಆಗುವ ತನಕ ಯಾರೂ ಕೈಹಾಕದಿರಲೆಂದು ಬೂದಿಯಿಂದಲೋ ಒದ್ದೆ ಮಣ್ಣಿನಿಂದಲೋ ಮುದ್ರೆ ಒತ್ತುತ್ತಿದ್ದುದನ್ನು ಹಿರಿಯರಿಂದ ಕೇಳಿದ್ದೇವೆ. ಮುದ್ರೆ ಕೆಟ್ಟಿತೆಂದರೆ ರಾಶಿಗೆ ಕೈಬಿದ್ದಿದೆ ಎಂದೇ ಅರ್ಥ. ಹೀಗೆ ಗುರುತೆಂಬುದು ಅಂದಿನಿಂದಲೂ ನಂಬಿಕೆಯ ಕಾವಲುಗಾರ.

ವ್ಯಾಪಾರಸ್ಥರು ಇದನ್ನು ಬೇಗನೆ ಅರಿತುಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಬಟ್ಟೆಯ ತಾನುಗಳ ಮೇಲೆ ಬಣ್ಣದ ಚೀಟಿಗಳಿರುತ್ತಿದ್ದವು. ಆನೆ, ಹುಲಿ, ದೇವತೆಗಳ ಚಿತ್ರಗಳು ಅವುಗಳಲ್ಲಿ ಇರುತ್ತಿದ್ದವು. ಗಿರಣಿಯ ಹೆಸರನ್ನು ಓದಲಾರದವನು ಚಿತ್ರವನ್ನು ನೆನಪಿಟ್ಟುಕೊಂಡು, ಅದೇ ಬಟ್ಟೆಯನ್ನು ಕೇಳಿ ಕೊಳ್ಳುತ್ತಿದ್ದನು.

ಸ್ವಾತಂತ್ರ್ಯ ಬಂದ ಮೇಲೆ ೧೯೫೧-೫೨ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಆಗ ದೇಶದಲ್ಲಿ ಓದು ಬಲ್ಲವರು ನೂರಕ್ಕೆ ಸುಮಾರು ೧೮ ಮಂದಿ ಮಾತ್ರ. ಆದ್ದರಿಂದ ಪಕ್ಷಗಳಿಗೆ ಜೋಡೆತ್ತು, ಗುಡಿಸಲು, ದೀಪ, ಮರ ಮೊದಲಾದ ಚಿಹ್ನೆಗಳನ್ನು ಕೊಟ್ಟರು. ಅವೆಲ್ಲ ಹಳ್ಳಿಯವನು ದಿನವೂ ಕಾಣುವ ವಸ್ತುಗಳು. ಅಕ್ಷರ ಬಾರದ ಕೋಟ್ಯಂತರ ಜನರು ಚಿತ್ರ ನೋಡಿ ಮತ ಹಾಕಿದರು. ಬಟ್ಟೆಯ ತಾನಿಗೂ ಮತದ ಪೆಟ್ಟಿಗೆಗೂ ನಡೆದ ಈ ಉಪಾಯ ನಮ್ಮ ಬೇಳೆಯ ಚೀಲಕ್ಕೂ ನಡೆಯುವುದು.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಇನ್ನೂ ಹೆಚ್ಚಾಗಿ ಬೇಕು. ನಾವು ಬೆಳೆದದ್ದು ಮರಾಠಿ, ತೆಲುಗು, ತಮಿಳು, ಮಲಯಾಳಂ ಓದುವವರ ಪೇಟೆಗೆ ಹೋಗುತ್ತದೆ. ಕನ್ನಡದಲ್ಲಿ ಬರೆದರೆ ಅಲ್ಲಿ ಓದುವವರು ಕಡಿಮೆ. ಅವರ ಲಿಪಿಯಲ್ಲಿ ಮಾತ್ರ ಬರೆದರೆ ನಮ್ಮ ಸರಕಿನಲ್ಲಿ ನಮ್ಮ ಮಾತೇ ಇಲ್ಲದಂತಾಗುವುದು. ಚಿತ್ರಕ್ಕೆ ಲಿಪಿಯ ಹಂಗಿಲ್ಲ. ಅದು ಎಲ್ಲ ಪೇಟೆಗಳಲ್ಲಿಯೂ ಅಲ್ಲಲ್ಲಿಯ ಮಾತಿನಲ್ಲಿ ಮಾತನಾಡುವುದು.

ವಸ್ತು ಅರ್ಥ ಹೇಳುವ ನಾಲ್ಕು ಬಗೆ

ಸಾಮಾನ್ಯ ವಸ್ತುವೊಂದು ಸರಕಿನ ಪರವಾಗಿ ಮಾತನಾಡುವುದು ಹೇಗೆ? ಎಲ್ಲರಿಗೂ ಗೊತ್ತಿರುವ ಕೆಲವು ಗುರುತುಗಳನ್ನು ನೋಡಿದರೆ ತಿಳಿಯುವುದು.

ಮೊದಲನೆಯ ಬಗೆ: ವಸ್ತುವಿನ ಕೆಲಸಕ್ಕೂ ಮಾರುವವನ ಮಾತಿಗೂ ಹೋಲಿಕೆ ಇರುವುದು. ೧೯೫೬ರ ಸೆಪ್ಟೆಂಬರ್ ೧ರಂದು ಭಾರತೀಯ ಜೀವ ವಿಮಾ ನಿಗಮ ಸ್ಥಾಪನೆಯಾಯಿತು. ಎರಡು ಕೈಗಳ ನಡುವೆ ಉರಿಯುವ ದೀಪ ಅದರ ಗುರುತು. ಗಾಳಿಗೆ ದೀಪ ಆರದಂತೆ ಅಂಗೈ ಅಡ್ಡ ಹಿಡಿಯದವರು ನಮ್ಮಲ್ಲಿ ಯಾರಿದ್ದಾರೆ? ಮನೆಯ ಯಜಮಾನ ಹೋದರೂ ಮನೆಯ ದೀಪ ಆರದಂತೆ ಕಾಯುತ್ತೇವೆ ಎಂಬ ಮಾತನ್ನು ಒಂದು ಅಕ್ಷರವೂ ಇಲ್ಲದೆ ಆ ಚಿತ್ರ ತಿಳಿಸುವುದು. ವಿಮೆ ಕಣ್ಣಿಗೆ ಕಾಣುವ ಸರಕಲ್ಲ, ಕೈಗೆ ಸಿಕ್ಕುವುದೂ ಅಲ್ಲ. ಕಾಣದ ಸರಕಿಗೆ ಕಾಣುವ ದೀಪವು ರೂಪ ಕೊಟ್ಟಿತು.

ಎರಡನೆಯ ಬಗೆ: ವಸ್ತುವಿಗೂ ಸರಕಿಗೂ ಏನೊಂದು ಸಂಬಂಧವೂ ಇಲ್ಲದಿರುವುದು. ೧೯೪೮ರಲ್ಲಿ ಮೈಸೂರಿನಲ್ಲಿ ಎನ್. ರಂಗರಾವ್ ಅವರು ಆರಂಭಿಸಿದ ಸಂಸ್ಥೆಯ ಸೈಕಲ್ ಅಗರಬತ್ತಿ ಇದಕ್ಕೆ ಉದಾಹರಣೆ. ಸೈಕಲ್ಲಿಗೂ ಪರಿಮಳಕ್ಕೂ ಏನು ನಂಟು? ಏನೂ ಇಲ್ಲ. ಆದರೆ ಸೈಕಲ್ಲನ್ನು ಅರಿಯದ ಊರಿಲ್ಲ, ಅದರ ಹೆಸರು ಎಲ್ಲ ಭಾಷೆಗಳಲ್ಲಿಯೂ ಒಂದೇ. ಅಂಗಡಿಗೆ ಬಂದ ಮಗು ಕೂಡ ‘ಸೈಕಲ್ ಗುರುತಿನದು ಕೊಡಿ’ ಎನ್ನಬಲ್ಲದು. ಸಂಬಂಧವಿಲ್ಲದಿರುವುದೇ ಇಂತಹ ಗುರುತಿನ ಬಲ. ಬೇರೆ ಊದುಬತ್ತಿಯವನು ಸೈಕಲ್ಲಿನ ಚಿತ್ರ ಹಾಕಿದರೆ, ಬೇರೆ ಕಾರಣವೇನೂ ಕಾಣದ ಕಾರಣ, ಅದು ನಕಲೆಂಬುದು ನೋಡಿದವರಿಗೆಲ್ಲ ತಿಳಿಯುವುದು.

ಮೂರನೆಯ ಬಗೆ: ಮಾರುವವನ ಸ್ವಂತ ಬಾಳಿನಿಂದ ಬಂದ ವಸ್ತು. ಸೀಮೆಎಣ್ಣೆ, ಪೆಟ್ರೋಲುಗಳ ಮೇಲೆ ಚಿಪ್ಪಿನ ಚಿತ್ರವಿರುವ ಶೆಲ್ ಕಂಪನಿಯನ್ನು ನೋಡಿರಿ. ಅದನ್ನು ಕಟ್ಟಿದ ಸ್ಯಾಮ್ಯುಯೆಲ್ ಮನೆತನದವರು ಲಂಡನ್ನಿನಲ್ಲಿ ಪೂರ್ವದೇಶಗಳಿಂದ ತರಿಸಿದ ಸಮುದ್ರದ ಚಿಪ್ಪುಗಳನ್ನು ಮಾರುತ್ತಿದ್ದವರು. ಮುಂದೆ ಎಣ್ಣೆಯ ವ್ಯಾಪಾರಕ್ಕೆ ಇಳಿದು ೧೮೯೭ರಲ್ಲಿ ಕಂಪನಿ ಮಾಡಿದಾಗಲೂ ಹಳೆಯ ಚಿಪ್ಪಿನ ಹೆಸರನ್ನೇ ಇಟ್ಟುಕೊಂಡರು. ಎಣ್ಣೆಗೂ ಚಿಪ್ಪಿಗೂ ಸಂಬಂಧವಿಲ್ಲದಿದ್ದರೂ ಮಾರುವವರಿಗೂ ಚಿಪ್ಪಿಗೂ ಇತ್ತು.

ನಾಲ್ಕನೆಯ ಬಗೆ: ಸರಕು ತುಂಬಿದ ಪಾತ್ರೆಯೇ ಗುರುತಾಗುವುದು. ೧೯೩೭ರಲ್ಲಿ ಪೇಟೆಗೆ ಬಂದ ಡಾಲ್ಡಾ ವನಸ್ಪತಿಯ ಹಳದಿ ಡಬ್ಬಿಯನ್ನೂ ಅದರ ಮೇಲಿನ ಹಸಿರು ಮರವನ್ನೂ ಹಿರಿಯ ಓದುಗರು ಮರೆತಿರಲಾರರು. ಒಳಗಿನದು ತೀರಿದ ಮೇಲೆ ಆ ಡಬ್ಬಿಯಲ್ಲಿ ಕಾಳು ತುಂಬುತ್ತಿದ್ದರು, ಗಿಡ ನೆಡುತ್ತಿದ್ದರು. ಹೀಗೆ ಕಂಪನಿಯ ಜಾಹೀರಾತು ಖರ್ಚಿಲ್ಲದೆ ಮನೆಮನೆಯಲ್ಲಿ ವರ್ಷಗಟ್ಟಲೆ ಕುಳಿತಿರುತ್ತಿತ್ತು. ನಮ್ಮ ಬೆಲ್ಲವನ್ನೋ ಒಣದ್ರಾಕ್ಷಿಯನ್ನೋ ಮರುಬಳಕೆಗೆ ಬರುವ ಒಳ್ಳೆಯ ಬಟ್ಟೆಯ ಚೀಲದಲ್ಲಿ ಕೊಟ್ಟರೆ ಆ ಚೀಲ ಸಂತೆಗೂ ಶಾಲೆಗೂ ಹೋಗಿಬರುವುದು.

ಇವುಗಳ ಜೊತೆಗೆ ಅರ್ಥ ಅರ್ಧ ದಾರಿಯಲ್ಲಿ ಉಳಿದ ಗುರುತೊಂದನ್ನೂ ತಿಳಿಯಬೇಕು. ೧೮೯೦ರ ದಶಕದಲ್ಲಿ ಇಂಗ್ಲೆಂಡಿನ ಲೀವರ್ ಸಹೋದರರು ಲೈಫ್‌ಬಾಯ್ ಸಾಬೂನು ಮಾಡಿದರು. ಹಡಗಿನಿಂದ ನೀರಿಗೆ ಬಿದ್ದವನ ಕಡೆಗೆ ಎಸೆಯುವ ತೇಲುವ ಬಳೆಗೆ ಆ ಹೆಸರು. ರೋಗವೆಂಬ ಕಡಲಿನಿಂದ ಈ ಸಾಬೂನು ಉಳಿಸುತ್ತದೆಂಬುದು ಅದರ ಮಾತು. ಹಡಗುಗಳ ನಾಡಾದ ಇಂಗ್ಲೆಂಡಿನಲ್ಲಿ ಅದು ಕೂಡಲೇ ತಿಳಿಯುತ್ತಿತ್ತು. ಮಳೆಗಾಗಿ ಮುಗಿಲು ನೋಡುವ ನಮ್ಮ ಬಯಲುಸೀಮೆಯಲ್ಲಿ ಆ ಬಳೆಯನ್ನು ಕಂಡವರೆಷ್ಟು ಮಂದಿ? ಸಾಬೂನೇನೋ ಚೆನ್ನಾಗಿಯೇ ಮಾರಾಟವಾಯಿತು. ನಮ್ಮವರು ನೆನಪಿಟ್ಟುಕೊಂಡದ್ದು ಅದರ ಕೆಂಪು ಬಣ್ಣವನ್ನು ಮತ್ತು ವಾಸನೆಯನ್ನು. ಕೊಳ್ಳುವವನ ಮನೆಯಲ್ಲಿ ಇಲ್ಲದ ವಸ್ತು ಅವನ ಮನಸ್ಸಿನಲ್ಲಿ ಅರ್ಥ ಹುಟ್ಟಿಸಲಾರದು.

ನಮ್ಮ ಮನೆಯ ವಸ್ತುಗಳು

ಹಾಗಾದರೆ ನಮ್ಮ ಸರಕಿಗೆ ಯಾವ ವಸ್ತು ಒಪ್ಪುವುದು? ಮೊದಲು ಕೊಳ್ಳುವವನ ಅಂಜಿಕೆ ಏನೆಂಬುದನ್ನು ಯೋಚಿಸಬೇಕು. ಬೇಳೆ ಕೊಳ್ಳುವವಳಿಗೆ ಕಲ್ಲುಹೊಟ್ಟಿನ ಅಂಜಿಕೆ. ಎಣ್ಣೆ ಕೊಳ್ಳುವವಳಿಗೆ ಬೆರಕೆಯ ಅಂಜಿಕೆ. ಬೀಜ ಕೊಳ್ಳುವವನಿಗೆ ಮೊಳೆಯದೆ ಹೋಗುವ ಅಂಜಿಕೆ. ಕಾಳು ಕೊಳ್ಳುವವನಿಗೆ ತೂಕದ ಅಂಜಿಕೆ. ಆ ಅಂಜಿಕೆಯನ್ನು ಕಳೆಯುವ ವಸ್ತು ಮನೆಯಲ್ಲಿ ಯಾವುದಿದೆ ಎಂದು ಹುಡುಕಿದರೆ ಗುರುತು ತಾನಾಗಿ ಸಿಕ್ಕುವುದು. ಬೇಳೆಗೆ ಮೊರ, ಬೀಜಕ್ಕೆ ಕೂರಿಗೆ, ಹಿಟ್ಟಿಗೆ ಬೀಸುವ ಕಲ್ಲು, ಕಾಳಿಗೆ ಅಳತೆಯ ಸೇರು, ಬೆಲ್ಲಕ್ಕೆ ಆಲೆಮನೆಯ ಕೊಪ್ಪರಿಗೆ.

ತೊಗರಿ ಬೇಳೆ ಮಾಡುವ ಹತ್ತು ಮಂದಿ ರೈತರು ಸೇರಿ ಮೊರವನ್ನು ಗುರುತಾಗಿ ಆರಿಸಿದರೆಂದು ಇಟ್ಟುಕೊಳ್ಳೋಣ. ಮೊರ ಕಂಡ ಗೃಹಿಣಿಗೆ ಕೇರಿದ, ಹಸನಾದ ಬೇಳೆ ಎಂಬ ಭಾವನೆ ಬರುವುದು. ನಾವು ಮೊರ ಎನ್ನುವುದನ್ನು ತಮಿಳರೂ ಮಲಯಾಳಿಗಳೂ ಮುರಂ ಎನ್ನುತ್ತಾರೆ, ತೆಲುಗರು ಚೇಟ ಎನ್ನುತ್ತಾರೆ, ಮರಾಠಿಗರು ಸೂಪ ಎನ್ನುತ್ತಾರೆ. ಹೆಸರು ಬೇರೆಯಾದರೂ ಕೆಲಸ ಒಂದೇ. ಆದ್ದರಿಂದ ಒಂದೇ ಚಿತ್ರ ಸೊಲ್ಲಾಪುರದಲ್ಲಿಯೂ ನಡೆಯುವುದು, ಈರೋಡಿನಲ್ಲಿಯೂ ನಡೆಯುವುದು. ಚಿತ್ರದ ಕೆಳಗೆ ಒಂದು ಸಣ್ಣ ಮಾತು ಸೇರಿಸಿದರೆ ಅರ್ಥ ಗಟ್ಟಿಯಾಗುವುದು: ‘ಕೇರಿದ ಮೇಲೆಯೇ ತುಂಬಿದ್ದು.’ ಜಾಹೀರಾತಿನ ಮಾತು ಇಷ್ಟೇ ಇರಬೇಕು. ವಸ್ತುವು ಹೇಳಿದ್ದನ್ನೇ ಮಾತು ಎತ್ತಿ ಹಿಡಿಯಬೇಕೇ ಹೊರತು ಹೊಸ ಬಡಾಯಿಯನ್ನು ತಂದು ತುಂಬಬಾರದು.

ಆರಿಸುವಾಗ ಎಚ್ಚರ

ಒಂದು: ವಸ್ತುವಿಗೆ ಎರಡು ಮುಖಗಳಿರಬಹುದು. ತುಂಬಿದ ಕೊಡ ಮಂಗಳ, ಬರಿದಾದ ಕೊಡ ಅಪಶಕುನ. ಬಾಯಿ ತೆರೆದ ಕೊಡವನ್ನು ಹಾಗೆಯೇ ಬರೆದರೆ ಜನರು ಬರಿಗೊಡವೆಂದೇ ತಿಳಿಯುವರು. ಎಲೆಯನ್ನೋ ತೆಂಗಿನಕಾಯಿಯನ್ನೋ ಇಟ್ಟು ತೋರಿಸಬೇಕು. ದೀಪ ಬರೆದರೆ ಉರಿಯೂ ಇರಬೇಕು, ಇಲ್ಲದಿದ್ದರೆ ಆರಿದ ದೀಪವಾಗುವುದು. ಪೊರಕೆಯನ್ನು ಲಕ್ಷ್ಮಿಯೆಂದು ಭಾವಿಸುವವರೇ ಬೆಳಗ್ಗೆ ಎದ್ದ ಕೂಡಲೇ ಅದರ ಮುಖ ನೋಡಲೊಲ್ಲರು. ನೆರೆಭಾಷೆಯ ಪೇಟೆಗೆ ಹೋಗುವ ಸರಕಾದರೆ ಅಲ್ಲಿಯ ನಾಲ್ಕು ಮಂದಿಯನ್ನು ಕೇಳಿಯೇ ಗೊತ್ತುಮಾಡಬೇಕು.

ಎರಡು: ದೇವರ ಚಿತ್ರ ಬೇಡ. ಚೀಲ ಬರಿದಾದ ಮೇಲೆ ಕಸಕ್ಕೆ ಬೀಳುವುದು, ಕಾಲಿಗೆ ಸಿಕ್ಕುವುದು. ಭಕ್ತರ ಮನಸ್ಸಿಗೆ ನೋವಾಗುವಂತಹ ಗುರುತನ್ನು ಕಾನೂನು ನೋಂದಾಯಿಸುವುದೂ ಇಲ್ಲ. ಊದುಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ಒಬ್ಬರೇ ತಮ್ಮದೆಂದು ನೋಂದಾಯಿಸಿಕೊಳ್ಳಲು ಬಾರದೆಂದು ಸುಪ್ರೀಂ ಕೋರ್ಟು ೨೦೧೫ರಲ್ಲಿ ತೀರ್ಪು ಕೊಟ್ಟಿದೆ. ರಾಷ್ಟ್ರಧ್ವಜ, ಸರಕಾರದ ಲಾಂಛನ, ಗಾಂಧೀಜಿ, ನೆಹರೂ, ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಮತ್ತು ಚಿತ್ರಗಳನ್ನು ವ್ಯಾಪಾರದ ಗುರುತಾಗಿ ಬಳಸುವುದನ್ನು ೧೯೫೦ರ ಲಾಂಛನ ಮತ್ತು ಹೆಸರುಗಳ ಕಾಯಿದೆ ತಡೆಯುತ್ತದೆ.

ಮೂರು: ಸರಕಿನ ಚಿತ್ರವನ್ನೇ ಗುರುತು ಮಾಡಬೇಡಿ. ಒಣದ್ರಾಕ್ಷಿಯ ಚೀಲದ ಮೇಲೆ ದ್ರಾಕ್ಷಿಯ ಗೊಂಚಲು ಬರೆದರೆ ಅದು ಒಳಗೇನಿದೆ ಎಂಬುದನ್ನು ಹೇಳೀತೇ ಹೊರತು ಯಾರದೆಂಬುದನ್ನು ಹೇಳದು. ದ್ರಾಕ್ಷಿ ಮಾರುವವರೆಲ್ಲರಿಗೂ ಗೊಂಚಲಿನ ಚಿತ್ರ ಬೇಕು. ಆದುದರಿಂದ ಬರಿಯ ಗೊಂಚಲನ್ನು ಒಬ್ಬರ ಸ್ವತ್ತಾಗಿ ಕಾನೂನು ಸುಲಭವಾಗಿ ಕೊಡುವುದಿಲ್ಲ. ಊರಿನ ಹೆಸರೂ ಹಾಗೆಯೇ. ಸೊಲ್ಲಾಪುರದ ದಾಳಿಂಬೆ, ಸಾಂಗಲಿಯ ಒಣದ್ರಾಕ್ಷಿ, ಕಲಬುರಗಿಯ ತೊಗರಿಬೇಳೆ ಇವು ಭೌಗೋಳಿಕ ಗುರುತಿನ ನೋಂದಣಿ ಪಡೆದಿವೆ. ಆ ಹೆಸರುಗಳು ಆಯಾ ಸೀಮೆಯಲ್ಲಿ ಬೆಳೆಯುವ ಎಲ್ಲರಿಗೂ ಸೇರಿದವು. ಸೀಮೆಯೊಳಗಿನ ರೈತರು ಅಧಿಕೃತ ಬಳಕೆದಾರರೆಂದು ಹೆಸರು ದಾಖಲಿಸಿಕೊಂಡು ಆ ಹಕ್ಕನ್ನು ಪಡೆಯಬಹುದು. ಸೀಮೆಯ ಹೆಸರಿನ ಪಕ್ಕದಲ್ಲಿ ತಮ್ಮ ಸ್ವಂತ ಗುರುತನ್ನೂ ಇಡಬಹುದು.

ನಾಲ್ಕು: ಸುಳ್ಳು ಗುರುತು ಬೇಡ. ಎತ್ತಿನ ಗಾಣದ ಚಿತ್ರ ಹಾಕಿ ಯಂತ್ರದಲ್ಲಿ ತೆಗೆದ ಎಣ್ಣೆ ತುಂಬಿದರೆ ಕೊಂಡವನು ಚಿತ್ರ ನೋಡಿ ಮೋಸಹೋದಂತೆ. ಮಾತಿನಲ್ಲಿ ಹೇಳಿದ ಸುಳ್ಳೂ ಚಿತ್ರದಲ್ಲಿ ಹೇಳಿದ ಸುಳ್ಳೂ ಒಂದೇ. ೨೦೧೯ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು ೧೦ ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಮೊರದ ಗುರುತು ಹಾಕಿದ ಮೇಲೆ ಒಂದು ಕಲ್ಲು ಸಿಕ್ಕರೂ ಮಾನ ಹೋಗುವುದೆಂದು ತಿಳಿಯಬೇಕು.

ಬರೆಯುವ ಬಗೆ, ಸಾರುವ ಬಗೆ

ಒಂದು ಗುರುತಿಗೆ ಒಂದೇ ವಸ್ತು ಇರಲಿ. ಮೊರವೂ ಬೇಕು, ಎತ್ತೂ ಬೇಕು, ಸೂರ್ಯನೂ ಬೇಕೆಂದರೆ ನೋಡಿದವನ ನೆನಪಿನಲ್ಲಿ ಯಾವುದೂ ಉಳಿಯುವುದಿಲ್ಲ. ಗೆರೆಗಳು ದಪ್ಪನಾಗಿರಲಿ. ತಗಡಿನಲ್ಲಿ ಕೊರೆದು ಗೋಣಿಯ ಮೇಲೆ ಒಂದೇ ಬಣ್ಣದಲ್ಲಿ ಒತ್ತಿದಾಗ ಸ್ಪಷ್ಟವಾಗಿ ಕಾಣಬೇಕು. ಹೆಬ್ಬೆರಳಿನಷ್ಟು ಕಿರಿದಾಗಿ ಮೊಬೈಲಿನಲ್ಲಿ ಕಂಡಾಗಲೂ ಗುರುತು ಸಿಕ್ಕಬೇಕು. ಗುರುತನ್ನು ಗೊತ್ತುಮಾಡುವ ಮೊದಲು ಹತ್ತು ಹೆಜ್ಜೆ ದೂರದಿಂದ ಒಂದು ಮಗುವಿಗೂ ಒಬ್ಬ ಅಜ್ಜಿಗೂ ತೋರಿಸಿ ಇದೇನೆಂದು ಕೇಳಿರಿ. ಇಬ್ಬರೂ ತಡವರಿಸದೆ ಒಂದೇ ಹೆಸರು ಹೇಳಿದರೆ ಚಿತ್ರ ಗೆದ್ದಿತು.

ಒಮ್ಮೆ ಗೊತ್ತುಮಾಡಿದ ಮೇಲೆ ಬದಲಾಯಿಸಬಾರದು. ಈ ವರ್ಷ ಕೆಂಪು ಮೊರ, ಮುಂದಿನ ವರ್ಷ ಹಸಿರು ಮೊರ ಎಂದರೆ ಕೊಳ್ಳುವವನು ಎರಡೂ ಬೇರೆಯವರದೆಂದು ತಿಳಿಯುವನು. ಚೀಲ, ಬಿಲ್ಲು, ಬಂಡಿ, ಅಂಗಡಿಯ ಗೋಡೆ ಎಲ್ಲೆಡೆಯೂ ಒಂದೇ ಚಿತ್ರ, ಒಂದೇ ಬಣ್ಣ ಇರಲಿ. ಸಂತೆಯ ದಾರಿಯ ಮನೆಯವರು ಒಪ್ಪಿದರೆ ಅವರ ಗೋಡೆಯ ಮೇಲೆ ಸುಣ್ಣ ಬಳಿದು ಕೆಮ್ಮಣ್ಣಿನಲ್ಲಿ ಮೊರ ಬರೆಯುವುದಕ್ಕೆ ಎಷ್ಟು ಖರ್ಚು? ಮದುವೆಯ ಅಡುಗೆಗೆ ನಮ್ಮ ಬೇಳೆ ಹೋದರೆ ಚೀಲದ ಮುಖ ಹೊರಗೆ ಇರುವಂತೆ ಜೋಡಿಸಿರಿ. ಉಂಡವರು ಕೇಳಿಯೇ ಕೇಳುವರು.

ಚೀಲದ ಮೇಲಿನ ಬರಹದ ಬಗ್ಗೆ ಗಡಿನಾಡಿನವರಿಗೆ ಒಂದು ಮುಖ್ಯ ಮಾತು. ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ತೂಕ, ಬೆಲೆ, ತಯಾರಿಸಿದವರ ವಿಳಾಸ ಮುಂತಾದ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂದು ೨೦೧೧ರ ನಿಯಮಗಳು ಹೇಳುತ್ತವೆ. ಅವುಗಳ ಜೊತೆಗೆ ಬೇರೆ ಯಾವ ಭಾಷೆಯಲ್ಲಿಯೂ ಬರೆಯಲು ಅಡ್ಡಿಯಿಲ್ಲ. ಎಂದಮೇಲೆ ನಾವು ಯಾವ ರಾಜ್ಯದಲ್ಲಿದ್ದರೂ ನಮ್ಮ ಚೀಲದ ಮೇಲೆ ಕನ್ನಡವನ್ನು ಇಡಬಹುದು. ಪೇಟೆಯ ಭಾಷೆಗೆ ಪಕ್ಕದಲ್ಲಿ ಜಾಗ ಕೊಡಬಹುದು. ನಡುವೆ ಮೊರದ ಚಿತ್ರ ಎಲ್ಲರಿಗೂ ಆಯಿತು. ತಿನ್ನುವ ಸರಕಾದುದರಿಂದ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಸಂಖ್ಯೆಯೂ ಇರತಕ್ಕದ್ದು.

ಗುರುತನ್ನು ಕಾಯುವ ಕಾನೂನು

ಗುರುತಿಗೆ ಹೆಸರು ಬಂದ ಮೇಲೆ ಕಳ್ಳರೂ ಬರುವರು. ಆದ್ದರಿಂದ ನೋಂದಣಿ ಬೇಕು. ನಮ್ಮ ದೇಶದಲ್ಲಿ ವ್ಯಾಪಾರದ ಗುರುತುಗಳ ನೋಂದಣಿಗೆ ಮೊದಲು ಕಾನೂನು ಆದದ್ದು ೧೯೪೦ರಲ್ಲಿ. ಈಗ ನಡೆಯುತ್ತಿರುವುದು ೧೯೯೯ರ ಟ್ರೇಡ್ ಮಾರ್ಕ್ ಕಾಯಿದೆ. ಅದು ೨೦೦೩ರ ಸೆಪ್ಟೆಂಬರ್ ೧೫ರಿಂದ ಜಾರಿಯಲ್ಲಿದೆ.

ನೋಂದಣಿಗೆ ಐದು ಕಚೇರಿಗಳಿವೆ. ವ್ಯಾಪಾರದ ಮುಖ್ಯ ಸ್ಥಳ ಯಾವ ರಾಜ್ಯದಲ್ಲಿದೆಯೋ ಅದನ್ನು ನೋಡಿ ಕಚೇರಿ ಗೊತ್ತಾಗುವುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಹಾಗೂ ಗೋವೆಯವರಿಗೆ ಮುಂಬಯಿಯ ಕಚೇರಿ. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಮತ್ತು ತೆಲಂಗಾಣದವರಿಗೆ ಚೆನ್ನೈಯ ಕಚೇರಿ. ಅರ್ಜಿಯನ್ನು ಕಂಪ್ಯೂಟರಿನ ಮೂಲಕ ಮನೆಯಿಂದಲೇ ಕಳುಹಿಸಬಹುದು. ೨೦೧೭ರ ನಿಯಮಗಳ ಪ್ರಕಾರ ಹೀಗೆ ಕಳುಹಿಸಿದರೆ ಒಬ್ಬ ವ್ಯಕ್ತಿಗೆ ಒಂದು ವರ್ಗದ ಸರಕಿಗೆ ೪,೫೦೦ ರೂಪಾಯಿ ಶುಲ್ಕ. ಸಣ್ಣ ಉದ್ಯಮಕ್ಕೂ ಅಷ್ಟೇ.

ವರ್ಗವೆಂದರೆ ಸರಕುಗಳ ವಿಂಗಡಣೆ. ಒಣಹಣ್ಣು ಮತ್ತು ಅಡುಗೆ ಎಣ್ಣೆ ೨೯ನೆಯ ವರ್ಗ. ಬೆಲ್ಲ, ಹಿಟ್ಟು, ಮಸಾಲೆ ೩೦ನೆಯದು. ತಾಜಾ ಹಣ್ಣು, ಬಿತ್ತನೆ ಬೀಜ, ಹೊಲದಿಂದ ಬಂದಂತೆಯೇ ಇರುವ ಕಾಳು ೩೧ನೆಯದು. ಒಂದೇ ಕಾಳನ್ನು ಸಂಸ್ಕರಿಸಿದ ಮೇಲೆ ವರ್ಗ ಬದಲಾಗಬಹುದಾದುದರಿಂದ ಬಲ್ಲವರನ್ನು ಕೇಳಿ ಅರ್ಜಿ ಬರೆಯಬೇಕು. ಅರ್ಜಿಗೆ ಮೊದಲು ಅಂತಹುದೇ ಗುರುತು ಬೇರೆಯವರ ಹೆಸರಿನಲ್ಲಿ ಇದೆಯೇ ಎಂದು ನೋಂದಣಿ ಪಟ್ಟಿಯಲ್ಲಿ ಹುಡುಕಿರಿ. ಇದಕ್ಕೆ ಹಣ ಬೇಕಾಗಿಲ್ಲ. ಅರ್ಜಿ ಒಪ್ಪಿಗೆಯಾದರೆ ಪತ್ರಿಕೆಯಲ್ಲಿ ಪ್ರಕಟಿಸುವರು. ನಾಲ್ಕು ತಿಂಗಳೊಳಗೆ ಯಾರೂ ತಕರಾರು ಮಾಡದಿದ್ದರೆ ಗುರುತು ನಮ್ಮದಾಗುವುದು. ನೋಂದಣಿ ೧೦ ವರ್ಷ ನಡೆಯುವುದು, ಹತ್ತು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು.

ನೋಂದಣಿಗೆ ಮೊದಲೂ ಗುರುತನ್ನು ಬಳಸಬಹುದು. ಆದರೆ ನೋಂದಣಿಯಾಗದೆ ‘ನೋಂದಾಯಿತ’ ಎಂದು ಬರೆಯುವುದು ಕಾನೂನಿಗೆ ವಿರುದ್ಧ. ಮೊದಲ ದಿನದಿಂದಲೂ ಗುರುತು ಇರುವ ಬಿಲ್ಲುಗಳನ್ನು ತಾರೀಖಿನ ಸಹಿತ ಇಟ್ಟುಕೊಳ್ಳಿ. ಮುಂದೆ ವ್ಯಾಜ್ಯ ಬಂದರೆ ಮೊದಲು ಬಳಸಿದವರು ನಾವೆಂದು ತೋರಿಸಲು ಅವೇ ಸಾಕ್ಷಿ.

ಈ ನೋಂದಣಿ ಇಡೀ ದೇಶಕ್ಕೆ ಅನ್ವಯಿಸುವುದು. ತಾಳವಾಡಿಯವನ ಗುರುತು ಚಾಮರಾಜನಗರದಲ್ಲಿಯೂ ಅವನದೇ, ಜತ್ತದವನ ಗುರುತು ವಿಜಯಪುರದಲ್ಲಿಯೂ ಅವನದೇ. ನೆಲದ ಮೇಲಿನ ಗಡಿ ಗುರುತಿಗೆ ತಾಗುವುದಿಲ್ಲ.

ಒಬ್ಬನಿಂದಾಗದ್ದು ಹತ್ತು ಮಂದಿಯಿಂದ

ಎರಡು ಎಕರೆಯ ರೈತನೊಬ್ಬನೇ ಗುರುತು ಕಟ್ಟಿ ಪೇಟೆಯನ್ನು ತುಂಬುವುದು ಕಷ್ಟ. ಆದ್ದರಿಂದಲೇ ಕಾನೂನಿನಲ್ಲಿ ಸಂಘಗಳಿಗೆ ಸಾಮೂಹಿಕ ಗುರುತು ಎಂಬುದೊಂದು ಇದೆ. ಗುರುತು ಸಂಘದ್ದು, ಅದನ್ನು ಬಳಸುವವರು ಸದಸ್ಯರು. ಅರ್ಜಿಯ ಜೊತೆಗೆ ಯಾರು ಬಳಸಬಹುದು, ಹೇಗೆ ಬಳಸಬೇಕು, ತಪ್ಪಿದರೆ ಏನು ಎಂಬ ನಿಯಮಗಳನ್ನು ಕೊಡಬೇಕಾಗುವುದು. ಈ ನಿಯಮಗಳೇ ಗುರುತಿನ ಬೇಲಿ. ಮೊರದ ಸಂಘದವರು ಎಷ್ಟು ಸಲ ಕೇರಬೇಕು, ತೇವ ಎಷ್ಟಿರಬೇಕು, ಮುರಿದ ಬೇಳೆ ಎಷ್ಟಕ್ಕಿಂತ ಹೆಚ್ಚಿರಬಾರದು ಎಂಬುದನ್ನು ಬರೆದಿಟ್ಟು, ಪ್ರತಿ ಚೀಲವನ್ನೂ ನೋಡಿಯೇ ಮುದ್ರೆ ಒತ್ತಬೇಕು. ಒಬ್ಬ ಸದಸ್ಯ ಕಲ್ಲು ಬೆರೆಸಿದರೆ ಉಳಿದ ಒಂಬತ್ತು ಮಂದಿಯ ಮಾನ ಅದೇ ಚೀಲದಲ್ಲಿ ಹೋಗುವುದು.

ಗಡಿಯ ಎರಡು ಕಡೆಯವರೂ ಸೇರಿ ಒಂದು ಹೆಸರನ್ನು ಬೆಳೆಸಬಹುದು ಎಂಬುದಕ್ಕೆ ಕ್ಯಾಂಪ್ಕೊ ಕಣ್ಣೆದುರಿಗಿದೆ. ಅಡಿಕೆ ಬೆಳೆಗಾರರಿಗಾಗಿ ೧೯೭೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಸಹಕಾರ ಸಂಸ್ಥೆ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳದು. ಅದರ ಮೊದಲ ಅಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್ಟರು. ಕಾಸರಗೋಡಿನ ಕನ್ನಡ ಬೆಳೆಗಾರರೂ ದಕ್ಷಿಣ ಕನ್ನಡದವರೂ ಅದರಲ್ಲಿ ಜೊತೆಯಾಗಿದ್ದಾರೆ. ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದು, ರೈತರು ಬೆಳೆದ ಕೊಕ್ಕೊವನ್ನು ತನ್ನ ಹೆಸರಿನ ಪೊಟ್ಟಣದಲ್ಲಿ ಮಾರಿತು.

ಮನೆಯಲ್ಲಿ ಮಾಡಬೇಕಾದ ಪಾಠ

ರೈತ ಬಾಂಧವರೇ, ಈ ವಾರ ಸಂಜೆಯ ಹೊತ್ತು ನಾಲ್ಕೈದು ಮನೆಯವರು ಕೂಡಿರಿ. ಹೆಂಗಸರೂ ಜೊತೆಗಿರಲಿ, ಏಕೆಂದರೆ ಸರಕು ಕೊಳ್ಳುವ ಕಣ್ಣು ಅವರದು. ನಾವು ಚೆನ್ನಾಗಿ ಬೆಳೆಯುವ ಸರಕು ಯಾವುದು? ಅದನ್ನು ಕೊಳ್ಳುವವರ ಅಂಜಿಕೆ ಏನು? ಆ ಅಂಜಿಕೆಯನ್ನು ಕಳೆಯುವ ವಸ್ತು ನಮ್ಮ ಮನೆಯಲ್ಲಿ ಯಾವುದು? ನೆರೆಭಾಷೆಯವರು ಅದನ್ನು ಏನೆನ್ನುವರು? ಆ ವಸ್ತು ಹೇಳುವ ಮಾತನ್ನು ನಾವು ಪ್ರತಿ ಚೀಲದಲ್ಲಿಯೂ ನಡೆಸಿಕೊಡಬಲ್ಲೆವೇ? ಈ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಕೊನೆಯದಕ್ಕೆ ‘ಹೌದು’ ಎನ್ನುವ ಧೈರ್ಯ ಬರುವ ತನಕ ಚಿತ್ರ ಬರೆಸಬೇಡಿ.

ಮೊರದ ಚಿತ್ರಕ್ಕೆ ತಾನಾಗಿ ಯಾವ ಬೆಲೆಯೂ ಇಲ್ಲ. ಹತ್ತು ಸುಗ್ಗಿ ಹಸನಾದ ಬೇಳೆಯನ್ನೇ ಕೊಟ್ಟರೆ ಬೆಲೆ ಬರುವುದು. ಆಗ ದೂರದ ಪೇಟೆಯ ಗೃಹಿಣಿಯೊಬ್ಬಳು, ನಮ್ಮ ಊರನ್ನೂ ನಮ್ಮ ಲಿಪಿಯನ್ನೂ ಅರಿಯದಿದ್ದರೂ, ಅಂಗಡಿಯ ಮುಂದೆ ನಿಂತು ತನ್ನ ಮಾತಿನಲ್ಲಿ ‘ಮೊರದ ಗುರುತಿನದು ಬೇಕು’ ಎನ್ನುವಳು. ಆ ಮಾತಿನ ಬೆಲೆ ನೇರವಾಗಿ ನಮ್ಮ ಕಣಕ್ಕೆ ಬರುವುದು.